ಕಾಲಿನ ಹದ

ಆ ಮನೆಯಲ್ಲಿ ಯಾವ ಕೆಲಸ ಯಾರದೆಂದು ಯಾರೂ ಕೂತು ಹಂಚಿರಲಿಲ್ಲ. ತಾತ ಗ್ಯಾರೇಜ್ ಕಟ್ಟಿದ. ಅಪ್ಪ ಆ ಗ್ಯಾರೇಜಿನಿಂದ ರೇಸ್ ಕಾರು ಹೊರಡಿಸಿ, ಓಡಿಸಿ, ಮಂಡಿ ಮುರಿದುಕೊಂಡ. ಅಪ್ಪನ ಸೀಟಿನಲ್ಲಿ ತಮ್ಮ ಕೂತ. ಅಮ್ಮ ಇವರನ್ನೆಲ್ಲ ಊರಿಂದೂರಿಗೆ ಕರೆದೊಯ್ದು ವಾಪಸ್ ಕರೆತಂದಳು. ಮನೆಯ ಮಗಳಾದ ಇವಳ ಪಾಲಿಗೆ ಬಂದದ್ದು ಬ್ರೇಕ್ ಪ್ಯಾಡ್ ಪಳಗಿಸುವ ಕೆಲಸ.

ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯನ್ನು ಎರಡು ಕಡೆಯಿಂದ ಕಚ್ಚಿ ಹಿಡಿದು ಕಾರು ನಿಲ್ಲಿಸುವುದು ಪ್ಯಾಡು. ಹೊಸ ಬಾಣಲೆಯನ್ನು ತಂದ ದಿನವೇ ದೊಡ್ಡ ಉರಿಗೆ ಇಟ್ಟರೆ ಏನಾಗುತ್ತದೋ ಹೊಸ ಪ್ಯಾಡಿಗೂ ಅದೇ ಆಗುತ್ತದೆ. ಅದನ್ನು ಮೆಲ್ಲಗೆ ಕಾಯಿಸಬೇಕು. ವೇಗವಾಗಿ ಹೋಗಿ, ಪೆಡಲ್ ಮೇಲೆ ಕಾಲು ಇಟ್ಟೂ ಇಡದ ಹಾಗೆ ಒತ್ತಿ, ಕಾರು ಪೂರ್ತಿ ನಿಲ್ಲುವ ಮುಂಚೆಯೇ ಬಿಡಬೇಕು. ಮತ್ತೆ ಹೋಗಬೇಕು, ಮತ್ತೆ ಒತ್ತಬೇಕು. ಸುಟ್ಟ ಗೋಂದಿನಂಥ ಹಸಿ ವಾಸನೆಯೊಂದು ಏಳುತ್ತದೆ. ಅದು ಏರಿ, ಇಳಿದು, ಇಲ್ಲವಾಗುವವರೆಗೂ ಕಾಲು ತಾಳ್ಮೆಗೆಡಬಾರದು. ಆಮೇಲೆ ಕಾರನ್ನು ಸುಮ್ಮನೆ ಸುತ್ತಿಸುತ್ತಾ ಗಾಳಿಗೆ ತಣಿಸಬೇಕು. ಬಿಸಿ ಆರುವ ಮೊದಲೇ ಎಲ್ಲಾದರೂ ನಿಲ್ಲಿಸಬೇಕಾಗಿ ಬಂದರೆ, ನಿಂತ ಮೇಲೆ ಬ್ರೇಕ್ ಮೇಲೆ ಕಾಲು ಇಟ್ಟಿರಲೇಬಾರದು. ಇಟ್ಟರೆ ಕಾದ ಪ್ಯಾಡು ಕಾದ ತಟ್ಟೆಗೆ ಅಂಟಿಕೊಂಡು, ಮೈಮೇಲೆ ಗಾಜಿನಂಥ ಪೊರೆ ಕಟ್ಟುತ್ತದೆ. ಆ ಪೊರೆ ಕಟ್ಟಿದ ಪ್ಯಾಡು ಮೊದಮೊದಲು ಚೆನ್ನಾಗಿಯೇ ಹಿಡಿಯುತ್ತದೆ. ಓಟಕ್ಕೆ ಬಿಸಿಯೇರಿ, ಬ್ರೇಕ್ ಬೇಕೇ ಬೇಕು ಅನ್ನುವಾಗ ಕೈಕೊಡುತ್ತದೆ.

ಇವಳಿಗೆ ಹದಿನಾರು ತುಂಬಿದ ವರ್ಷ, ಬೇರೆ ಯಾರಿಗೂ ಬಿಡುವಿಲ್ಲದ ಒಂದು ಮಧ್ಯಾಹ್ನ, ಅಪ್ಪ ಇವಳನ್ನು ಕೂರಿಸಿ ಒಂದು ಜೋಡಿ ಪಳಗಿಸಲು ಬಿಟ್ಟ. ವಾಪಸ್ ಬಂದ ಮೇಲೆ ಚಕ್ರ ಬಿಚ್ಚಿ ನೋಡಿದರೆ ತಟ್ಟೆಯ ತುಂಬ ಒಂದೇ ಸಮನಾದ ಬೂದು ನೀಲಿ ಬಣ್ಣ, ಪಾರಿವಾಳದ ಕುತ್ತಿಗೆಯ ಹಾಗೆ. ಅಪ್ಪ ಗ್ಯಾರೇಜಿನವರನ್ನೆಲ್ಲ ಕೂಗಿ ಕರೆದ.

"ನೋಡ್ರೋ ಇಲ್ಲಿ! ಕೆಲವರಿಗೆ ಕೈಹದ ಅಂತ ಇರತ್ತೆ. ಇವಳಿಗೆ ಕಾಲಿನ ಹದ ಇದೆ. ಎಲ್ಲಿಂದ ಬಂತು ಹೇಳಿ? ನನ್ನ ರಕ್ತ!"

ಹೊಗಳಿಕೆ ಎಂದುಕೊಂಡು ಅವಳು ಹಿಗ್ಗಿ ಹೀರೇಕಾಯಿಯಾದಳು. ಅದು ಹೊಗಳಿಕೆಯಲ್ಲ, ನೇಮಕಾತಿ ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ಅವಳೂ ರೇಸ್ ಓಡಿಸುತ್ತಿದ್ದಳು. ಸಣ್ಣ ಕಾರುಗಳ ವರ್ಗದಲ್ಲಿ ಗೆದ್ದಿದ್ದಳು. ಪತ್ರಿಕೆಯಲ್ಲಿ ಅಪ್ಪನ ಹೆಸರಿನ ಪಕ್ಕದಲ್ಲಿ 'ಅವರ ಮಗಳು' ಎಂದು ಫೋಟೋ ಬಂದಿತ್ತು. ಆದರೆ ಮನೆಗೆ ದೊಡ್ಡ ವರ್ಗದ ಕಾರು ಬಂದಾಗ ಬಂದದ್ದು ಒಂದೇ. ಊಟದ ಮೇಜಿನ ಮುಂದೆ ಅಪ್ಪ ತಟ್ಟೆಯಿಂದ ತಲೆಯೆತ್ತದೆ ತೀರ್ಪು ಹೇಳಿದ್ದ: "ನಿಂಗೆ ಕಾಲಿದೆ ಮಗಳೇ. ಅವನಿಗೆ ಗುಂಡಿಗೆ ಇದೆ. ದೊಡ್ಡ ಕಾರು ಗೆಲ್ಲೋದು ಗುಂಡಿಗೆಯಿಂದ."

ಅವಳು ಮಾತನ್ನು ಅಳೆದೂ ಸುರಿದೂ ಆಡುವವಳು. ಸರಿಯಾದ ಉತ್ತರ ಸಿಕ್ಕುವ ಹೊತ್ತಿಗೆ ಎಲ್ಲರೂ ಕೈ ತೊಳೆದು ಎದ್ದಿದ್ದರು. ಮರುದಿನದಿಂದ ತಮ್ಮನ ಕಾರಿನ ಪ್ಯಾಡ್ ಪಳಗಿಸಿದಳು. ಅವನು ಗೆದ್ದಾಗಲೆಲ್ಲ, "ಅಕ್ಕ ನಿಲ್ಲಿಸ್ತಾಳೆ ಅಂತ ಗೊತ್ತಿದ್ರೆ ಎಷ್ಟು ಬೇಕಾದ್ರೂ ಓಡಿಸ್ಬೋದು" ಎಂದು ನಗುತ್ತಿದ್ದ. ಅವನದು ಕೆಟ್ಟ ಮನಸ್ಸಲ್ಲ. ತನ್ನ ಕಾಲು ಒನಕೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಮೂವತ್ತೊಂದು ದಾಟಿದ ಮೇಲೆ ಅವಳು ಮನೆ ಬಿಟ್ಟು ಬೇರೆ ತಂಡ ಸೇರಿದಳು. ದೊಡ್ಡ ವರ್ಗವೇ, ಅಪ್ಪನ ತಂಡ ಓಡುವ ಅದೇ ಓಟಗಳೇ. ಹೊಸ ತಂಡದ ಒಡತಿ ಟೈರ್ ವ್ಯಾಪಾರದವಳು. ಎಲ್ಲರ ಬಾಯಲ್ಲೂ ಟೈರಮ್ಮ. ಅಪ್ಪ ಕೂಗಾಡಲಿಲ್ಲ. "ಹೋಗು, ನೋಡ್ಕೊಂಡು ಬಾ. ದೂರದ ಬೆಟ್ಟ ನುಣ್ಣಗೆ" ಎಂದ, ಅಂಗಡಿಗೆ ಹೋಗಿ ಬರಲು ಹೇಳುವವನ ಹಾಗೆ.

ಹೊಸ ತಂಡದ ಮೆಕ್ಯಾನಿಕ್‌ಗಳು ಅವಳಿಗೆ ಟೀಚರಮ್ಮ ಎಂದು ಹೆಸರಿಟ್ಟರು. ಪ್ರತಿ ಚಕ್ರದ ಪ್ರತಿ ನಟ್ಟನ್ನೂ ಅವಳು ಮುಟ್ಟಿ ನೋಡುತ್ತಿದ್ದಳು. ಅವರಲ್ಲೊಬ್ಬ ಬಾಯಿಬಡುಕ, ಅವಳು ಬಗ್ಗಿದಾಗಲೆಲ್ಲ ಕೈಕಟ್ಟಿ ನಿಂತು, "ಎಡಗಡೆ ನಟ್ಟು ಹಾಜರ್ ಟೀಚರಮ್ಮ! ಬಲಗಡೆಯೋನು ಬಾತ್‌ರೂಮಿಗೆ ಹೋಗಿದಾನೆ!" ಎನ್ನುತ್ತಿದ್ದ. ಅವಳೂ ನಗುತ್ತಿದ್ದಳು. ಸಂಜೆ ಅವರೆಲ್ಲ ಒಟ್ಟಿಗೆ ಊಟಕ್ಕೆ ಹೋಗುವಾಗ ಮೊದಲ ಕೆಲವು ಸಲ ಕರೆದರು. ಅವಳಿಗೆ ಹೋಗುವ ಮನಸ್ಸಿತ್ತು. ಆದರೆ ನಾಳೆಯ ಓಟದ ಯೋಚನೆಯಲ್ಲಿ ಊಟ ಇಳಿಯುವುದಿಲ್ಲ ಎನ್ನುವುದನ್ನು ಹೇಗೆ ಹೇಳುವುದೆಂದು ತಿಳಿಯದೆ, "ತಲೆನೋವು" ಎಂದಳು. ಆಮೇಲೆ ಕರೆಯುವುದನ್ನು ಬಿಟ್ಟರು. ತಲೆನೋವಿನವಳನ್ನು ಎಷ್ಟು ಸಲ ಕರೆದಾರು?

ಹೋಟೆಲಿನ ಕೋಣೆಗಳು ಎಲ್ಲ ಊರಲ್ಲೂ ಒಂದೇ. ಬಾಗಿಲಿನ ಚಿಲಕ ಹಾಕಿ, ಎಳೆದು ನೋಡಿ, ಹಿಡಿಕೆಯ ಕೆಳಗೆ ಕುರ್ಚಿ ತಂದು ಒರಗಿಸುತ್ತಿದ್ದಳು. ಕೈಗವಸುಗಳನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಇಡುತ್ತಿದ್ದಳು. ತಿಂಡಿಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತು ತಿನ್ನುವಾಗ ಪಕ್ಕದ ಕೋಣೆಯ ಟೀವಿಯಲ್ಲಿ ಯಾರೋ ಯಾರಿಗೋ ಬೈಯುವುದು ಕೇಳುತ್ತಿತ್ತು. ಅಷ್ಟಾದರೂ ಕೇಳುತ್ತಿದೆಯಲ್ಲ ಎನಿಸುತ್ತಿತ್ತು.

ಮನೆಯವರ ಜೊತೆ ಮುನಿಸೇನೂ ಇರಲಿಲ್ಲ. ಮುನಿಸಾದರೂ ಇದ್ದಿದ್ದರೆ ಮಾತಾಡಲು ಒಂದು ವಿಷಯವಿರುತ್ತಿತ್ತು. ಓಟದ ದಿನಗಳಲ್ಲಿ ಅಪ್ಪನ ಗ್ಯಾರೇಜು ಇವಳದರಿಂದ ಎರಡು ಬಾಗಿಲು ಆಚೆ ಇರುತ್ತಿತ್ತು. ಅಪ್ಪನ ಕೆಮ್ಮು, ತಮ್ಮನ ನಗು, ಉಕ್ಕಿನ ಡಬ್ಬಿಯಲ್ಲಿ ಸ್ಪ್ಯಾನರ್ ಬೀಳುವ ಸದ್ದು ಎಲ್ಲ ಕೇಳುತ್ತಿತ್ತು. ಅಮ್ಮ ಮಾತ್ರ ಗ್ಯಾರೇಜಿನ ಹತ್ತಿರ ಸುಳಿಯುತ್ತಿರಲಿಲ್ಲ. ಅಪ್ಪನ ಮಂಡಿ ಹೋದ ದಿನ ಓಟದ ಸದ್ದು ನಡುವೆಯೇ ನಿಂತುಹೋಗಿತ್ತಂತೆ. ಅಂದಿನಿಂದ ಅಮ್ಮ ಒಂದು ಓಟವನ್ನೂ ನೋಡಿಲ್ಲ, ಒಂದಕ್ಕೂ ಬರದೆ ಉಳಿದಿಲ್ಲ. ಕಾರು ನಿಲ್ಲಿಸುವ ಜಾಗದ ಕೊನೆಯಲ್ಲಿ, ಗೋಡೆಗೆ ಒತ್ತಿ ನಿಲ್ಲಿಸಿದ ಮನೆಯ ಹಳೆಯ ಕಾರಿನೊಳಗೆ, ಗಾಜುಗಳನ್ನೆಲ್ಲ ಏರಿಸಿಕೊಂಡು ಕೂತಿರುತ್ತಿದ್ದಳು. ಮನೆಗೆ ಕಾರು ಓಡಿಸುವುದೂ ಅವಳೇ. ಅಪ್ಪನನ್ನು ಕೂರಿಸಿದರೆ ಮುಂದಿನ ಲಾರಿಯ ಜೊತೆಗೆಲ್ಲ ಪೈಪೋಟಿ, ತಮ್ಮನನ್ನು ಕೂರಿಸಿದರೆ ನಿದ್ದೆ.

ವರ್ಷದ ಕೊನೆಯ ಓಟದ ಹಿಂದಿನ ದಿನ ಟೈರಮ್ಮ ಅವಳನ್ನು ಕರೆದು ಟೈರುಗಳ ರಾಶಿಯ ಮೇಲೆ ಕೂರಿಸಿಕೊಂಡಳು.

"ನೋಡಮ್ಮ, ಸುತ್ತಿ ಬಳಸಿ ಹೇಳೋದು ನಂಗೆ ಬರಲ್ಲ. ಮುಂದಿನ ವರ್ಷ ನಾನು ಓಡಿಸೋದು ಒಂದೇ ಕಾರು. ನೀನು ಇಡೀ ವರ್ಷ ನಾಲ್ಕನೆಯವಳು, ಐದನೆಯವಳು. ಒಂದು ಗೀರು ಮಾಡಿಲ್ಲ ಕಾರಿಗೆ, ಅದು ಸತ್ಯ. ಆದ್ರೆ ಗೀರಿಲ್ಲದ ಕಾರನ್ನ ನಾನು ಅಂಗಡೀಲೂ ಇಟ್ಕೋಬೋದು. ನಾಳೆ ಮೊದಲ ಮೂರರಲ್ಲಿ ಬಾ. ಸೀಟು ನಿಂದು. ಬರದಿದ್ರೆ ನಂಗೂ ಬೇಜಾರೇ."

ಬರದಿದ್ದರೆ ಏನು ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಯಾವ ತಂಡವೂ ಮೂವತ್ತೆರಡರ, ದೊಡ್ಡ ವರ್ಗದಲ್ಲಿ ಒಮ್ಮೆಯೂ ವೇದಿಕೆ ಹತ್ತದವಳನ್ನು ಕರೆಯುವುದಿಲ್ಲ. ಮನೆಗೆ ಹೋಗಬೇಕು. ಯಾರೂ ಹಂಗಿಸುವುದಿಲ್ಲ, ಅದೇ ಹೆದರಿಕೆ. ಗ್ಯಾರೇಜಿನ ಕಪಾಟಿನಲ್ಲಿ ಹೊಸ ಪ್ಯಾಡಿನ ಡಬ್ಬಿಗಳು ಇವಳಿಗಾಗಿ ಕಾದಿರುತ್ತವೆ.

ಬೆಳಿಗ್ಗೆ ಅವಳು ಸೂಟಿನ ಜಿಪ್ಪು ಎಳೆಯುತ್ತಿರುವಾಗ ಅಪ್ಪ ಕುಂಟುತ್ತಾ ಬಂದ. ಒಂದು ವರ್ಷದಲ್ಲಿ ಇವಳ ಗ್ಯಾರೇಜಿಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಟೈರಮ್ಮನಿಗೆ ತಲೆಯಾಡಿಸಿ, ಕಾರಿನ ಬಾನೆಟ್ಟನ್ನು ಬೆರಳಿನಿಂದ ಸವರಿ, "ಚೆನ್ನಾಗಿಟ್ಟಿದೀರಿ" ಎಂದ. ಆಮೇಲೆ ಇವಳನ್ನು ಪಕ್ಕಕ್ಕೆ ಕರೆದ.

"ನಿನ್ನೆ ನಿನ್ನ ತಮ್ಮ ತಟ್ಟೆ ಸೀಳ್ಕೊಂಡ. ಮುಂದಿನ ಎರಡೂ ಹೊಸಾವು, ಪ್ಯಾಡೂ ಹೊಸಾವು. ನೀನು ಪಳಗಿಸಿಟ್ಟಿದ್ದ ಕೊನೇ ಜೋಡಿ ಹೋದ ಓಟಕ್ಕೇ ಮುಗೀತು."

"ಬೆಳಗಿನ ಅಭ್ಯಾಸದಲ್ಲಿ ಪಳಗಿಸ್ಬೋದಲ್ಲಪ್ಪ."

"ಅದಕ್ಕೇ ಬಂದೆ. ಒಂದೈದು ಸುತ್ತು ಅಷ್ಟೇ. ಅವನ ಹೆಲ್ಮೆಟ್ ಹಾಕ್ಕೊಂಡ್ರೆ ಯಾವ ನರಪಿಳ್ಳೆಗೂ ಗೊತ್ತಾಗಲ್ಲ. ಬಾ, ಕಾರು ರೆಡಿ ಇದೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅಪ್ಪನ ಮುಖದಲ್ಲಿ ತಮಾಷೆ ಇದೆಯೇ ಎಂದು ಹುಡುಕಿದಳು. ಇರಲಿಲ್ಲ. ಒಲೆಯ ಮೇಲಿನ ಹಾಲು ನೋಡಿಕೋ ಎಂದು ಹೇಳುವಾಗ ಇರುವ ಮುಖ.

"ಅಪ್ಪ, ಅದೇ ಹೊತ್ತಿಗೆ ನಂದೂ ಅಭ್ಯಾಸ. ನಾನೂ ಓಡಿಸ್ತಿದೀನಿ ಇವತ್ತು."

"ಗೊತ್ತಮ್ಮ. ನೀನು ಮಧ್ಯಾಹ್ನ ಓಡಿಸ್ಕೋ, ಯಾರು ಬೇಡ ಅಂದ್ರು? ನಿನ್ನ ಕಾರು ನೀನೇ ಪಳಗಿಸಿರ್ತೀಯ, ನಿಂಗ್ಯಾಕೆ ಅಭ್ಯಾಸ?"

"ಆಗಲ್ಲ ಅಪ್ಪ."

ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೇ ಅನುಮಾನವಾಯಿತು. ಅಪ್ಪ ಸಿಟ್ಟಾಗಲಿಲ್ಲ, ತಬ್ಬಿಬ್ಬಾದ. ನೀರು ಬರುವ ನಲ್ಲಿ ತಿರುಗಿಸಿ ನೀರು ಬರದಿದ್ದಾಗ ನೋಡುವ ಹಾಗೆ ನೋಡಿದ. ಅಷ್ಟರಲ್ಲಿ ಬಾಗಿಲಲ್ಲಿ ತಮ್ಮನ ತಲೆ ಕಾಣಿಸಿತು.

"ನಾನು ಹೇಳಲಿಲ್ವಾ ಅಪ್ಪ? ಅಕ್ಕ ಈಗ ದೊಡ್ಡ ಮನುಷ್ಯೆ. ಬಿಡಕ್ಕ, ನಾನೇ ಮಾಡ್ತೀನಿ. ಹೇಗಂತ ಹೇಳಿಕೊಡು."

"ಮೆತ್ತಗೆ ಒತ್ತು. ಪೂರ್ತಿ ನಿಲ್ಲಿಸ್ಬೇಡ. ವಾಸನೆ ಹೋದ್ಮೇಲೂ ಒಂದು ಸುತ್ತು ಸುಮ್ನೆ ತಣಿಸು. ಪಿಟ್ಟಿಗೆ ಬಂದು ನಿಂತಾಗ ಬ್ರೇಕ್ ಮೇಲೆ ಕಾಲಿಡ್ಬೇಡ. ಇದೊಂದು ಮರೀಬೇಡ ಕಣೋ. ಗೇರಲ್ಲಿ ನಿಲ್ಲಿಸು."

"ಆಯ್ತು ಟೀಚರಮ್ಮ," ಎಂದು ಅವನು ಸೆಲ್ಯೂಟ್ ಹೊಡೆದ. ಇವಳ ಗ್ಯಾರೇಜಿನವರೆಲ್ಲ ಗೊಳ್ಳೆಂದು ನಕ್ಕರು. ಆ ಅಡ್ಡಹೆಸರು ಎರಡು ಬಾಗಿಲು ಆಚೆಗೂ ಹೋಗಿದೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು.

ಅಭ್ಯಾಸ ಮುಗಿಸಿ, ಗ್ಯಾರೇಜುಗಳ ಮುಂದಿನ ಪಿಟ್ಟಿಗೆ ಬರುವಾಗ ತಮ್ಮನ ಕಾರು ಇವಳ ಮುಂದೆಯೇ ಇತ್ತು. ಅವನು ತಣಿಸುವ ಸುತ್ತನ್ನು ಅರ್ಧಕ್ಕೇ ಬಿಟ್ಟು ಒಳಗೆ ತಿರುಗಿದ್ದ. ಸಾಲಿನಲ್ಲಿ ಮುಂದೆ ಯಾರದೋ ಕಾರು ಅಡ್ಡವಾಗಿ ನಿಂತಿತ್ತು, ಅವನು ನಿಲ್ಲಿಸಿದ. ಹಿಂದಿನ ಕೆಂಪು ದೀಪಗಳು ಹತ್ತಿದವು. ಆರಲಿಲ್ಲ. ಕಿಟಕಿಯಿಂದ ಕೈ ಹೊರಹಾಕಿ ಮುಂದಿನವನಿಗೆ ಏನೋ ಚೇಷ್ಟೆ ಮಾಡುತ್ತಿದ್ದ. ದೀಪಗಳು ಹತ್ತಿಯೇ ಇದ್ದವು. ಕಾಲು ತೆಗಿ, ಅವಳು ಹೆಲ್ಮೆಟ್ಟಿನೊಳಗೆ ಹೇಳಿದಳು. ಕಾಲು ತೆಗಿಯೋ. ಅಪ್ಪ ಮುಂದುಗಡೆ ಗೋಡೆಯ ಬಳಿ ಸುತ್ತಿನ ಸಮಯ ನೋಡುತ್ತಿದ್ದ. ಅಲ್ಲಿಂದ ಕಾರಿನ ಮೂತಿ ಮಾತ್ರ ಕಾಣುತ್ತದೆ. ಆ ದೀಪಗಳನ್ನು ಕಂಡದ್ದು ಇಡೀ ಸಾಲಿನಲ್ಲಿ ಇವಳೊಬ್ಬಳು.

ಇಳಿದವಳೇ ಹೆಲ್ಮೆಟ್ ತೆಗೆದು ಅಪ್ಪನ ಗ್ಯಾರೇಜಿನ ಕಡೆ ಹೊರಟಳು. ಮೊದಲ ಬಾಗಿಲು ದಾಟಿದಳು. ಮುಂದಿನ ಬಾಗಿಲಿನೊಳಗಿಂದ ತಮ್ಮನ ದನಿ ಕೇಳಿತು: "ಬೆಣ್ಣೆ ಥರ ಹಿಡೀತಿದೆ ಅಪ್ಪ! ಅಕ್ಕ ಇಲ್ದೇನೂ ಆಗತ್ತೆ ನೋಡು!" ಅಪ್ಪ ಏನೋ ಹೇಳಿದ. ಇಬ್ಬರೂ ನಕ್ಕರು.

ಅವಳು ನಿಂತಳು. ಈಗ ಹೋಗಿ ಹೇಳಿದರೆ ಅಪ್ಪ ಚಕ್ರ ಬಿಚ್ಚಿಸುತ್ತಾನೆ, ಎಮರಿ ಪೇಪರಿನಲ್ಲಿ ಪ್ಯಾಡಿನ ಪೊರೆ ಉಜ್ಜಿಸಿ ತೆಗೆಸುತ್ತಾನೆ. ಅದಕ್ಕೆ ಬೇಕಾದಷ್ಟು ಸಮಯವಿದೆ. ತಮ್ಮ ಮೂರನೆಯವನಾಗಿ ಬರುತ್ತಾನೆ. ಎಂದಿನಂತೆ ತಾನು ಅವನ ಹಿಂದೆ ನಾಲ್ಕನೆಯವಳು. ಪ್ಯಾಡು ಹಾಳಾಗಿಯೇ ಇರಬೇಕೆಂದೇನಿಲ್ಲ, ಎಂದೂ ಯೋಚಿಸಿದಳು. ಅವಳು ಕಂಡದ್ದು ದೀಪ, ಪ್ಯಾಡಲ್ಲ. ಹೀಗೆ ತನಗೆ ತಾನೇ ವಕೀಲಳಾಗಿ, ತಾನೇ ತೀರ್ಪು ಕೊಟ್ಟುಕೊಂಡು, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾದಳು. ತನ್ನ ಕಾರಿನ ಬಳಿ ಬಗ್ಗಿ, ಆಗಲೇ ನೋಡಿದ್ದ ನಟ್ಟುಗಳನ್ನು ಮತ್ತೆ ಮೊದಲಿಂದ ಮುಟ್ಟಿ ನೋಡತೊಡಗಿದಳು.

"ಟೀಚರಮ್ಮ ಎರಡನೇ ಸಲ ಹಾಜರಿ ತಗೋತಿದಾರೆ," ಎಂದ ಬಾಯಿಬಡುಕ. "ಪರೀಕ್ಷೆ ನಮಗಲ್ವಾ? ನೀವ್ಯಾಕೆ ಹೆದರ್ತೀರಿ?" ನೀರಿನ ಬಾಟಲಿಯ ಮುಚ್ಚಳ ಬಿಚ್ಚಿ ಕೈಗೆ ಕೊಟ್ಟ.

ಮಧ್ಯಾಹ್ನದ ಓಟ ಅರ್ಧ ಕಳೆಯುವವರೆಗೆ ಎಲ್ಲ ಅವಳು ಎಣಿಸಿದಂತೆಯೇ ನಡೆಯಿತು. ಮುಂದಿನ ಇಬ್ಬರು ಕೈಗೆ ಸಿಗದಷ್ಟು ದೂರ ಹೋಗಿದ್ದರು. ಮೂರನೆಯವನು ತಮ್ಮ. ಅವನ ಹಿಂದೆ ಇವಳು. ಹೆಲ್ಮೆಟ್ಟಿನೊಳಗೆ ತನ್ನ ಉಸಿರಿನ ಸದ್ದು, ಬೆನ್ನಿಗೆ ಒದೆಯುವ ಎಂಜಿನ್, ಕಣ್ಣ ಮುಂದೆ ತಮ್ಮನ ಕಾರಿನ ಹಿಂಭಾಗ. ಚಿಕ್ಕಂದಿನಲ್ಲಿ ಸೈಕಲ್ಲಿನಲ್ಲಿ ಇಳಿಜಾರು ಇಳಿಯುವಾಗ ಅವನದೊಂದು ಪಣವಿತ್ತು: ಅಕ್ಕ ಬ್ರೇಕ್ ಹಿಡಿದ ಮೇಲೇ ನಾನು ಹಿಡಿಯೋದು. ಅದೆಷ್ಟು ಸಲ ಕೆಳಗಿನ ಬೇಲಿಗೆ ಗುದ್ದಿ ಮೊಣಕೈ ತರಚಿಕೊಂಡಿದ್ದ! ಬೈಗುಳ ಮಾತ್ರ ಇವಳಿಗೆ. ನೀನು ಮುಂಚೆ ಹಿಡೀಬಾರ್ದಿತ್ತಾ, ಎಂದು.

ಗಾಳಿಕಿಂಡಿಯಿಂದ ವಾಸನೆ ಬಂತು. ಸುಟ್ಟ ಗೋಂದು.

ನೇರ ರಸ್ತೆಯ ತುದಿಯಲ್ಲಿ ಒಂದು ಬಲ ತಿರುವು. ಇಡೀ ದಾರಿಯಲ್ಲಿ ಅತಿ ಜೋರಾಗಿ ಬ್ರೇಕ್ ಹಾಕಬೇಕಾದ ಜಾಗ ಅದು. ಹಿಡಿಯದಿದ್ದರೆ ಮುಂದೆ ಜಲ್ಲಿ, ಜಲ್ಲಿಯಾಚೆ ಗೋಡೆ. ಅಲ್ಲಿ ತಮ್ಮನ ದೀಪಗಳು ಒಮ್ಮೆ ಮಿನುಗಿ ಆರಿದವು, ಮತ್ತೆ ಮಿನುಗಿದವು, ಆಮೇಲೆ ಹತ್ತಿದವು. ಪೆಡಲ್ ಕೆಳಗಿಳಿಯುತ್ತಿದೆ; ಅವನು ತುಳಿದು ತುಳಿದು ಮೇಲೆ ತರುತ್ತಿದ್ದಾನೆ. ರೇಡಿಯೋದಲ್ಲಿ ಅಪ್ಪನಿಗೆ ಹೇಳಿರುವುದಿಲ್ಲ. ಅಕ್ಕ ಇಲ್ಲದೆಯೂ ಆಗುತ್ತದೆ ಎಂದು ಬೆಳಿಗ್ಗೆ ತಾನೇ ಹೇಳಿದವನು ಈಗ ಹೇಗೆ ಹೇಳಿಯಾನು?

ಕಿವಿಯಲ್ಲಿ ಟೈರಮ್ಮನ ದನಿ ಬಂತು. "ಮುಂದಿನವನು ಸುಸ್ತಾಗಿದಾನೆ ನೋಡು. ತಿರುವಲ್ಲಿ ಒಳಗಡೆ ಮೂತಿ ತೂರಿಸು. ಇದೇ ಹೊತ್ತು."

"ಅವನ ಬ್ರೇಕ್ ಹೋಗ್ತಿದೆ. ನಮ್ಮ... ಅವರ ಗ್ಯಾರೇಜಿಗೆ ಹೇಳಿ."

"ಏನಂದೆ?"

"ಪೆಡಲ್ ಇಳೀತಿದೆ. ಅಪ್ಪನಿಗೆ ಹೇಳಿ."

"ಪಕ್ಕದ ಮನೆ ಹಾಲು ಉಕ್ಕಿದ್ರೆ ನಮಗೇನಮ್ಮ? ಯಾರ ಕಾರಲ್ಲಿ ಕೂತಿದೀಯ ನೀನು? ತೂರಿಸು!"

ಅವಳು ತೂರಿಸಬಹುದಿತ್ತು. ಒಳಗಡೆ ಬಾಗಿಲು ತೆರೆದೇ ಇತ್ತು. ಇಡೀ ವರ್ಷ ಕಾದ ಜಾಗ, ಕಾದ ಹೊತ್ತು. ಆದರೆ ಪಕ್ಕದಲ್ಲಿ ಇವಳ ಮೂತಿ ಕಂಡ ಗಳಿಗೆ ತಮ್ಮ ಏನು ಮಾಡುತ್ತಾನೆಂದು ಪ್ರಪಂಚದಲ್ಲಿ ಇವಳಷ್ಟು ಬಲ್ಲವರು ಯಾರೂ ಇರಲಿಲ್ಲ. ಅಕ್ಕ ಹಿಡಿಯುವವರೆಗೂ ಅವನು ಹಿಡಿಯುವುದಿಲ್ಲ. ಆಮೇಲೆ ಹಿಡಿದರೆ ಕಾರು ನಿಲ್ಲುವುದಿಲ್ಲ.

ಮುಂದಿನ ಸುತ್ತಿನಲ್ಲಿ, ನೇರ ರಸ್ತೆಯ ನಡುವೆ, ಅವಳು ಕಾಲು ಸಡಿಲಿಸಿದಳು.

ಅಂತರ ಬೆಳೆಯಿತು. ತಮ್ಮನ ಕನ್ನಡಿಯಲ್ಲಿ ತಾನು ಚಿಕ್ಕದಾಗುತ್ತಿರುವುದನ್ನು ಅವಳು ಊಹಿಸಿಕೊಂಡಳು. ಇನ್ನೂ ಬಿಟ್ಟಳು. ಟೈರಮ್ಮ ಕಿರುಚುತ್ತಿದ್ದಳು: "ಏನಾಯ್ತು? ಕಾರಿಗೇನಾಯ್ತು?" "ಏನಿಲ್ಲ" ಎಂದಳು. "ಮತ್ತೆ ನಿಂಗೇನಾಯ್ತು?" ಎರಡು ಸುತ್ತು ಕಳೆದ ಮೇಲೆ ತಮ್ಮನ ದೀಪಗಳು ತಿರುವಿಗೆ ಬಹಳ ಮುಂಚೆಯೇ ಹತ್ತಿದವು, ಮಿನುಗಲಿಲ್ಲ. ಹಿಂದೆ ಯಾರೂ ಇಲ್ಲವೆಂದು ನಿರಾಳವಾಗಿದ್ದ. ಪ್ಯಾಡು ತಣಿಯುತ್ತಿತ್ತು. ಗಾಳಿಕಿಂಡಿಯಿಂದ ಈಗ ಬರೀ ಗಾಳಿ ಬರುತ್ತಿತ್ತು. ಇಷ್ಟು ಖಾಲಿ ರಸ್ತೆಯನ್ನು ಅವಳು ಓಟದ ನಡುವೆ ಎಂದೂ ಕಂಡಿರಲಿಲ್ಲ. ಮುಂದೆ ಯಾರಿಲ್ಲ, ಹಿಂದೆ ಯಾರಿಲ್ಲ.

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಆ ಬಲ ತಿರುವಿನಲ್ಲಿ ಅವನನ್ನು ಹಿಡಿಯಬಾರದು, ಸರಿ. ಆದರೆ ನೇರ ರಸ್ತೆಗೆ ಸೇರುವ ಮುಂಚೆ ಏರಿನಲ್ಲಿ ಒಂದು ನಿಧಾನದ ಎಡ ತಿರುವಿದೆ. ಅಲ್ಲಿ ಬ್ರೇಕೇ ಬೇಡ. ಏರೇ ಕಾರಿನ ವೇಗ ತಗ್ಗಿಸುತ್ತದೆ. ಅಲ್ಲಿ ಯಾರೂ ಯಾರನ್ನೂ ದಾಟುವುದಿಲ್ಲ, ಆದ್ದರಿಂದ ಯಾರೂ ಕಾಯುವುದೂ ಇಲ್ಲ. ಗೆಲುವಿನ ಗೆರೆ ಅದರ ನಂತರ, ಬಲ ತಿರುವಿಗೆ ಮುಂಚೆ.

ಕೊನೆಯ ಎರಡು ಸುತ್ತು ಅವಳು ಅಂಕುಡೊಂಕಿನ ಭಾಗದಲ್ಲಿ ಮಾತ್ರ ಅಂತರ ತಿಂದಳು; ಉದ್ದನೆಯ ಕಡೆ ಅವನಿಗೆ ಕಾಣಿಸಿಕೊಳ್ಳಲಿಲ್ಲ. ಕೊನೆಯ ಸುತ್ತಿನ ಏರಿನಲ್ಲಿ ತಮ್ಮ ಆರಾಮಾಗಿ ಹೊರಗಂಚಿಗೆ ಹೋದ. ಅವಳು ಒಳಗಂಚಿಗೆ ಅಂಟಿಕೊಂಡು, ಎಂಜಿನ್ ಎಳೆಯುವ ಮುಂಚೆ ಕಾರು ನೆಟ್ಟಗಾಗಲೆಂದು ಕಾದು, ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಒತ್ತಿದಳು. ಕಾರು ಜಾರದೆ ಹಿಡಿಯಿತು. ಗೆರೆ ದಾಟುವಾಗ ತಮ್ಮನ ಮೂತಿ ಇವಳ ಬಾಗಿಲಿನ ಪಕ್ಕದಲ್ಲಿತ್ತು.

ವೇದಿಕೆಯಲ್ಲಿ ಮೂರನೆಯವರ ಮೆಟ್ಟಿಲು ಅಷ್ಟೇನೂ ಎತ್ತರವಿರಲಿಲ್ಲ. ಬಹುಮಾನದ ಕಪ್ ಹಿಡಿದು ಮೇಲೆ ನಿಂತು ಜನರ ನಡುವೆ ಪರಿಚಯದ ಮುಖ ಹುಡುಕಿದಳು. ಬಾಯಿಬಡುಕ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕುತ್ತಿದ್ದ. ಟೈರಮ್ಮ ಬೆನ್ನಿಗೆ ಗುದ್ದಿ, "ಮೊಲದ ಹಾಗೆ ನಿದ್ದೆ ಮಾಡಿ ಆಮೆ ಹಾಗೆ ಗೆದ್ದೆಯಲ್ಲೇ! ನನ್ನ ಎದೆ ಒಡೆದುಹೋಗಿತ್ತು. ಸೀಟು ನಿಂದು ಹೋಗು" ಎಂದಳು. ಎಲ್ಲರೂ ಅದನ್ನು ಉಪಾಯ ಎಂದುಕೊಂಡಿದ್ದರು.

ಇಳಿದು ಬರುವಾಗ ತಮ್ಮ ಎದುರಾದ. ಬೆವರಿನಿಂದ ಕೂದಲು ಹಣೆಗಂಟಿತ್ತು.

"ಕಳ್ಳ ಬೆಕ್ಕಿನ ಥರ ಬಂದೆಯಲ್ಲಕ್ಕ. ತಿರುವಲ್ಲಿ ಎದುರಿಗೆ ಬಂದಿದ್ರೆ ನೋಡ್ಕೋತಿದ್ದೆ."

"ಹೂಂ ಕಣೋ. ನೋಡ್ಕೋತಿದ್ದೆ."

ಅವನು ಕೈ ಬೀಸಿ ಹೊರಟುಹೋದ.

ಗ್ಯಾರೇಜು ಖಾಲಿಯಾಗುವ ಹೊತ್ತಿಗೆ ಅಪ್ಪ ಬಂದ. ಕೈಯಲ್ಲಿ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು. ಕೆಲಸದ ಮೇಜಿನ ಮೇಲಿಟ್ಟು ಬಿಚ್ಚಿದ. ಪ್ಯಾಡಿನ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಅಡ್ಡಲಾಗಿ ಒಂದು ಬಿರುಕು.

"ಯಾವಾಗ ಗೊತ್ತಾಯ್ತು ನಿಂಗೆ?"

ಓಟದಲ್ಲಿ, ವಾಸನೆ ಬಂದಾಗ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ಬೆಳಿಗ್ಗೆ," ಎಂದಳು. "ಪಿಟ್ಟಲ್ಲಿ ಬ್ರೇಕ್ ಒತ್ಕೊಂಡು ನಿಂತಿದ್ದ. ಹಿಂದಿನ ದೀಪ ಹತ್ತಿತ್ತು."

"ಬೆಳಿಗ್ಗೆ."

"ಹೂಂ."

"ಎರಡು ಬಾಗಿಲು ಆಚೆ ಇದ್ದೆ ನಾನು."

"ಗೊತ್ತು. ಒಂದು ಬಾಗಿಲ ತನಕ ಬಂದೆ."

ಅಪ್ಪ ಮಂಡಿಗೆ ಕೈಯೂರಿ ಟೈರಿನ ರಾಶಿಯ ಮೇಲೆ ಕೂತ. "ಅವನಿಗೇನಾದ್ರೂ ಆಗಿದ್ರೆ?"

ಅವಳ ಬಳಿ ಉತ್ತರಗಳಿದ್ದವು. ಹಿಂದೆ ಬಿದ್ದೆನಲ್ಲ, ತಿರುವಿನಲ್ಲಿ ತೂರಿಸಲಿಲ್ಲವಲ್ಲ. ಒಂದೊಂದನ್ನೂ ತೂಗಿ ನೋಡಿದಳು. ಬೆಳಗಿನ ಆ ಒಂದು ಬಾಗಿಲಿನ ಎದುರು ಯಾವುದೂ ತೂಗಲಿಲ್ಲ.

"ನಾನೂ ಓಡ್ತಿದ್ದೆ ಅಪ್ಪ," ಎಂದಳು ಕೊನೆಗೆ.

ಅಪ್ಪ ಕೈ ಚಾಚಿ ಪ್ಯಾಡಿನ ಬಿರುಕಿನ ಮೇಲೆ ಉಗುರು ಆಡಿಸಿದ. "ಹೌದು," ಎಂದ. "ಬೆಳಿಗ್ಗೆ ಬಂದಾಗ ಅದು ನನ್ನ ತಲೇಲೇ ಇರ್ಲಿಲ್ಲ." ಎದ್ದು, ಬಟ್ಟೆಯನ್ನು ಮಾತ್ರ ಮಡಚಿ ಜೇಬಿಗಿಟ್ಟುಕೊಂಡ. ಬಾಗಿಲ ಹತ್ತಿರ ಹೋಗಿ, ತಿರುಗದೆಯೇ ಹೇಳಿದ: "ಗುಂಡಿಗೆ ಇದೆ ನಿಂಗೆ."

ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದ ಮಾತು. ಅದು ಹೀಗೆ ಕೇಳಿಸುತ್ತದೆಂದು ಅವಳು ಎಣಿಸಿರಲಿಲ್ಲ.

ಕಾರು ನಿಲ್ಲಿಸುವ ಜಾಗ ಬಹುಪಾಲು ಬರಿದಾಗಿತ್ತು. ಗೋಡೆಗೆ ಒತ್ತಿದ ಹಳೆಯ ಕಾರಿನೊಳಗೆ ಅಮ್ಮ ನೆಟ್ಟಗೆ ಕೂತಿದ್ದಳು. ಇವಳನ್ನು ಕಂಡು ಗಾಜು ಅರ್ಧ ಇಳಿಸಿದಳು.

"ಇಬ್ರೂ ಬಂದ್ರಾ?"

"ಬಂದ್ವಿ ಅಮ್ಮ."

ಅಮ್ಮ ಬಾಗಿಲ ಬೀಗ ತೆಗೆದಳು. ಇವಳು ಪಕ್ಕದ ಸೀಟಿನಲ್ಲಿ ಕೂತು, ಕಪ್ಪನ್ನು ಕಾಲ ಬಳಿ ಇಟ್ಟುಕೊಂಡಳು. ಅಮ್ಮ ಅದನ್ನು ನೋಡಿದಳು. ಎಷ್ಟನೆಯದು ಎಂದು ಕೇಳಲಿಲ್ಲ. ಗಾಜು ಏರಿಸಿದ ಮೇಲೆ ಒಳಗೆ ಸದ್ದೇ ಇರಲಿಲ್ಲ.

"ಊಟ ಮಾಡಿದ್ಯಾ?"

"ಮಾಡ್ತೀನಿ."

"ಮಾಡ್ತೀನಿ ಅಂದ್ರೆ ಮಾಡಲ್ಲ ಅಂತ."

ಅವಳಿಗೆ ನಗು ಬಂತು. ತಲೆಯನ್ನು ಸೀಟಿಗೆ ಒರಗಿಸಿ ಕಣ್ಣು ಮುಚ್ಚಿದಳು. ಎಷ್ಟು ಹೊತ್ತೋ ಹಾಗೇ ಇದ್ದಿರಬೇಕು. ಕಣ್ಣು ತೆರೆದಾಗ ಅಪ್ಪನೂ ತಮ್ಮನೂ ದೂರದಿಂದ ಬರುತ್ತಿದ್ದರು. ಅಪ್ಪ ಕುಂಟುತ್ತಿದ್ದ; ತಮ್ಮ ಅವನ ಚೀಲವನ್ನೂ ತಾನೇ ಹಿಡಿದಿದ್ದ. ಅವಳು ಬಾಗಿಲು ತೆರೆದಳು.

"ಹಿಂದಿನ ಸೀಟಲ್ಲಿ ಜಾಗ ಇದೆಯಲ್ಲೇ."

"ನನ್ನ ಹೋಟೆಲ್ ಆ ಕಡೆ ಅಮ್ಮ."

"ಬಿಟ್ಟು ಹೋಗ್ತೀನಿ."

"ಬೇಡ. ತಂಡದ ವ್ಯಾನ್ ಇದೆ." ವ್ಯಾನು ಆಗಲೇ ಹೋಗಿತ್ತು.

ಅವಳು ಗೋಡೆಯ ಪಕ್ಕದಲ್ಲಿ, ಕಪ್ಪನ್ನು ಮೈಗೊತ್ತಿ ಹಿಡಿದು ನಿಂತಳು. ಅವರು ಹತ್ತಿದರು. ತಮ್ಮ ಇವಳತ್ತ ನೋಡದೆ ಕೈಯೊಂದನ್ನು ಎತ್ತಿದ. ಕಾರು ಹೊರಟಿತು. ಗೇಟಿನಲ್ಲಿ ಅಡ್ಡಗೋಲು ಇಳಿದಿತ್ತು, ಅಮ್ಮ ನಿಲ್ಲಿಸಿದಳು.

ಎಷ್ಟೋ ವರ್ಷ ಆ ಕಾರಿನೊಳಗೆ ಕೂತು ಹೋಗಿದ್ದವಳು ಅದನ್ನು ಹೊರಗೆ ನಿಂತು ನೋಡಿದ್ದು ಅಂದೇ ಮೊದಲು. ಮೂತಿ ಬಗ್ಗಲಿಲ್ಲ, ಹಿಂಭಾಗ ಏಳಲಿಲ್ಲ. ಯಾವ ಗಳಿಗೆಯಲ್ಲಿ ಚಲನೆ ಮುಗಿದು ನಿಲುವು ಶುರುವಾಯಿತೆಂದು ಅವಳ ಕಣ್ಣಿಗೂ ಗೊತ್ತಾಗಲಿಲ್ಲ. ಕೆಂಪು ದೀಪಗಳು ಹತ್ತಿದ್ದವು, ಪೂರ್ತಿ ನಿಲ್ಲುವ ಕೂದಲೆಳೆಯಷ್ಟು ಮುಂಚೆ ಆರಿದವು. ಮೆತ್ತಗೆ ಒತ್ತಿ, ಹೊತ್ತಿಗೆ ಸರಿಯಾಗಿ ಬಿಟ್ಟ ಕಾಲು. ಯಾರೂ ಕರೆದು ಯಾರಿಗೂ ತೋರಿಸದ ಕಾಲು.

ಅಡ್ಡಗೋಲು ಎದ್ದಿತು. ಕಾರು ರಸ್ತೆಗಿಳಿಯಿತು. ಅವಳು ಕಪ್ಪನ್ನು ಕಂಕುಳಿಗೆ ಸೇರಿಸಿ, ಹೋಟೆಲಿನ ಕಡೆ ನಡೆಯತೊಡಗಿದಳು.